ಮಾಫಿಯಾ ಸರಣಿಗಳು ಎರಡನೆಯ ಪುಸ್ತಕಕ್ಕೇ ಸೊರಗುವುದೇಕೆ?

ಹೊಸನಗರದ ಓದುಗಿ (ಪ್ರಶ್ನೆ)

ಪ್ರೇಮಕಾದಂಬರಿಗಳಲ್ಲಿ ನಾನು ಹೆಚ್ಚಾಗಿ ಓದುವುದು ಎರಡು ಬಗೆಯವನ್ನು. ರಕ್ತಪಿಶಾಚಿ, ತೋಳಮಾನವ, ಮಾಟಗಾತಿಯರಿರುವ ಪ್ಯಾರಾನಾರ್ಮಲ್ ರೊಮಾನ್ಸ್ ಒಂದು. ಇಟಲಿಯ ಅಥವಾ ರಷ್ಯದ ಮೂಲದ ಪಾತಕಿ ಮನೆತನಗಳ ನಡುವೆ ನಡೆಯುವ ಡಾರ್ಕ್ ಮಾಫಿಯಾ ರೊಮಾನ್ಸ್ ಇನ್ನೊಂದು. ಎರಡೂ ಬಿಡಿ ಪುಸ್ತಕಗಳಾಗಿ ಬರುವುದು ಕಡಿಮೆ, ಸರಣಿಗಳಾಗಿಯೇ ಬರುತ್ತವೆ. ಎರಡರಲ್ಲೂ ನಾಯಕ ಅಪಾಯದ ಮನುಷ್ಯ, ಅಥವಾ ಮನುಷ್ಯನೇ ಅಲ್ಲದವನು. ಎರಡರಲ್ಲೂ ಕೊನೆಗೆ ಜೋಡಿ ಸುಖವಾಗಿರಲೇಬೇಕೆಂಬ ಕಟ್ಟಳೆಯಿದೆ. ಇಷ್ಟೆಲ್ಲ ಹೋಲಿಕೆಯಿದ್ದರೂ ಪ್ಯಾರಾನಾರ್ಮಲ್ ಸರಣಿಯನ್ನು ನಾನು ಏಳೆಂಟು ಪುಸ್ತಕಗಳವರೆಗೂ ಆಸಕ್ತಿ ಕಳೆದುಕೊಳ್ಳದೆ ಓದಿಕೊಂಡು ಹೋಗುತ್ತೇನೆ; ಮಾಫಿಯಾ ಸರಣಿಯಲ್ಲಿ ಮೊದಲನೆಯದನ್ನು ನಿದ್ದೆಗೆಟ್ಟು ಮುಗಿಸಿ, ಎರಡನೆಯದನ್ನು ಅರ್ಧಕ್ಕೆ ಬಿಟ್ಟುಬಿಡುತ್ತೇನೆ.

ಯೋಚಿಸಿದಾಗ ನನಗೆ ಹೊಳೆದ ಕಾರಣ ಇದು. ಅತಿಮಾನುಷ ನಾಯಕನಿಗೆ ಎಷ್ಟೇ ಬಲವಿದ್ದರೂ ಅವನನ್ನು ಕಟ್ಟಿಹಾಕುವ ನಿಯಮವೊಂದು ಇದ್ದೇ ಇರುತ್ತದೆ. ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ದಲ್ಲೇ ಮನೆಯವರು ಯಾರಾದರೂ ಒಳಗೆ ಕರೆಯದೆ ರಕ್ತಪಿಶಾಚಿ ಮೊದಲ ಸಲ ಹೊಸ್ತಿಲು ದಾಟುವಂತಿಲ್ಲ. ನಮ್ಮ ಕಡೆಯ ದೆವ್ವಗಳೂ ಹೀಗೆ ಕಟ್ಟಳೆಗೆ ಒಳಪಟ್ಟವೇ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರೆ ಓದಿಕೊಂಡು ಹಿಂದಿರುಗುತ್ತವೆ. ಬನದ ಚೌಡಿಗೆ ವರ್ಷಕ್ಕೊಮ್ಮೆ ಸಲ್ಲಬೇಕಾದದ್ದು ಸಂದರೆ ಅವಳು ತೋಟದ ತಂಟೆಗೆ ಬರುವುದಿಲ್ಲ. ಒಳ್ಳೆಯ ಪ್ಯಾರಾನಾರ್ಮಲ್ ಸರಣಿ ಇಂಥ ನಿಯಮಗಳನ್ನು ಮೊದಲ ಪುಸ್ತಕದಲ್ಲಿ ಹೂಡಿ, ಮುಂದಿನ ಪುಸ್ತಕಗಳಲ್ಲಿ ಒಂದೊಂದನ್ನೇ ಒರೆಗೆ ಹಚ್ಚುತ್ತದೆ. ಶಾಪ ಯಾರಿಂದ ಬಂತು, ಗುಂಪಿನಿಂದ ಹೊರಹಾಕಲ್ಪಟ್ಟವನು ಎಲ್ಲಿ ಬದುಕುತ್ತಾನೆ, ಸಾವಿಲ್ಲದವನು ಮುಪ್ಪಾಗುವ ಹೆಂಡತಿಯೊಂದಿಗೆ ಏನು ಮಾಡುತ್ತಾನೆ ಎಂಬ ಪ್ರಶ್ನೆಗಳು ಜೋಡಿ ಬದಲಾದರೂ ಉಳಿದುಕೊಳ್ಳುತ್ತವೆ.

ಮಾಫಿಯಾ ನಾಯಕನಿಗೆ ಅಂಥ ಯಾವ ಕಟ್ಟೂ ಕಾಣಿಸುವುದಿಲ್ಲ. ಪೊಲೀಸರು, ನ್ಯಾಯಾಧೀಶರು, ವೈದ್ಯರು ಎಲ್ಲರೂ ಅವನ ಜೇಬಿನಲ್ಲಿರುತ್ತಾರೆ. ಅವನ ಕಸುಬು ಏನೆಂದು ಕೇಳಿದರೆ ಬಂದರಿನಲ್ಲಿ ಸರಕು ತಡವಾಯಿತು ಎಂಬ ಒಂದು ಫೋನ್ ಕರೆಯ ಆಚೆಗೆ ಲೇಖಕಿ ಏನನ್ನೂ ಹೇಳುವುದಿಲ್ಲ. ಸರಕು ಏನೆಂದು ಹೇಳಿದರೆ ಓದುಗರಿಗೆ ಅವನ ಮೇಲೆ ಅಸಹ್ಯ ಹುಟ್ಟಬಹುದೆಂಬ ಭಯವಿರಬೇಕು. ಹೆಣ್ಣುಮಕ್ಕಳ ಸಾಗಾಟವನ್ನು ಮಾತ್ರ ನಮ್ಮ ಮನೆತನ ಮಾಡುವುದಿಲ್ಲ ಎಂಬ ಸಾಲು ಬಹುತೇಕ ಎಲ್ಲದರಲ್ಲೂ ಬರುತ್ತದೆ. ಹೀಗೆ ಊರಿಗೆ ಮಾಡುವ ಕೇಡನ್ನೆಲ್ಲ ಮರೆಮಾಚಿದ ಮೇಲೆ ಅವನ ಕತ್ತಲೆ ಬೀಳುವುದು ನಾಯಕಿಯೊಬ್ಬಳ ಮೇಲೆ ಮಾತ್ರ. ಲೋಕಕ್ಕೆಲ್ಲ ಸಭ್ಯ, ಮಲಗುವ ಮನೆಯಲ್ಲಿ ಮಾಫಿಯಾ! ಮೊದಲ ಪುಸ್ತಕದಲ್ಲಿ ಅಣ್ಣ, ಎರಡನೆಯದರಲ್ಲಿ ತಮ್ಮ, ಮೂರನೆಯದರಲ್ಲಿ ಅಂಗರಕ್ಷಕ ಎಂದು ಮುಖ ಬದಲಾಗುತ್ತದೆಯೇ ಹೊರತು ಹೊಸದಾಗಿ ತಿಳಿಯಬೇಕಾದದ್ದು ಏನೂ ಇರುವುದಿಲ್ಲ.

ಇದು ಪ್ರಕಾರದ ಗುಣವೇ, ನನ್ನ ಕೈಗೆ ಸಿಕ್ಕ ಸರಣಿಗಳ ದೋಷವೇ? ಎರಡನ್ನೂ ಓದುವವರು ದಯವಿಟ್ಟು ಹೇಳಿ. ಇಂಥವನ್ನು ಯಾಕೆ ಓದುತ್ತೀರಿ ಎಂದು ಕೇಳುವವರು ನಮ್ಮ ಮನೆಯಲ್ಲೇ ಸಾಕಷ್ಟು ಜನರಿದ್ದಾರೆ.

ಸಾಗರದ ತೋಟದಮನೆ

ನೀವು ಕಸುಬಿನ ವಿವರವಿಲ್ಲವೆಂದು ದೂರುತ್ತೀರಿ, ನಾನು ಮಾಫಿಯಾ ಸರಣಿಗಳನ್ನು ಓದುವುದೇ ಮನೆಯ ವಿವರಕ್ಕಾಗಿ. ಈ ಪ್ರಕಾರದ ಬಹುಪಾಲು ಕತೆಗಳಲ್ಲಿ ಮದುವೆ ಕೊನೆಯ ಅಧ್ಯಾಯವಲ್ಲ, ಮೊದಲನೆಯದು. ಎರಡು ಮನೆತನಗಳ ನಡುವಿನ ರಾಜಿಗಾಗಿ ಹಿರಿಯರು ಗೊತ್ತುಮಾಡಿದ ಮದುವೆ. ಹುಡುಗಿ ಅಪರಿಚಿತನ ಮನೆಗೆ ಬರುತ್ತಾಳೆ. ಬೀಗದ ಕೈ ಯಾರ ಸೊಂಟದಲ್ಲಿದೆ, ಊಟದ ಮೇಜಿನಲ್ಲಿ ಯಾರು ಮೊದಲು ಮಾತಾಡುತ್ತಾರೆ, ಅತ್ತೆಯ ಮೌನದ ಅರ್ಥವೇನು, ತವರಿಗೆ ಫೋನ್ ಮಾಡಬಹುದೇ ಕೂಡದೇ ಎಂಬುದನ್ನೆಲ್ಲ ಅವಳು ಒಂದೊಂದಾಗಿ ಕಲಿಯುತ್ತಾಳೆ. ಅಮೆರಿಕದ ಓದುಗಿಗೆ ಇದು ಕಲ್ಪನೆಯ ಲೋಕವಾಗಿರಬಹುದು. ಸಿದ್ದಾಪುರದಿಂದ ಸಾಗರಕ್ಕೆ ಮದುವೆಯಾಗಿ ಬಂದ ನನಗೆ ಬಂದೂಕನ್ನು ಬಿಟ್ಟರೆ ಉಳಿದದ್ದೆಲ್ಲ ಪರಿಚಿತವೇ. ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ ನಮ್ಮ ಅಮ್ಮಂದಿರು ತಂದು ಓದುತ್ತಿದ್ದ ಕನ್ನಡ ಸಾಮಾಜಿಕ ಕಾದಂಬರಿಗಳಲ್ಲೂ ಸಿಡುಕಿನ ಗಂಡ ಆಫೀಸಿನಲ್ಲಿ ಏನು ಮಾಡುತ್ತಾನೆಂದು ಯಾರೂ ಬರೆಯುತ್ತಿರಲಿಲ್ಲ. ಅವನು ಸಂಜೆ ಯಾವ ಮುಖ ಹೊತ್ತು ಮನೆಗೆ ಬರುತ್ತಾನೆ ಎಂಬುದೇ ಕತೆಯಾಗಿತ್ತು.

ಆದ್ದರಿಂದ ಮೊದಲ ಪುಸ್ತಕ ಗೆಲ್ಲುವುದು ನನಗೆ ಸಹಜವಾಗಿ ಕಾಣುತ್ತದೆ. ಎರಡನೆಯದು ಸೋಲುವುದಕ್ಕೆ ನಾನು ಕೊಡುವ ಕಾರಣ ಸಾಹಿತ್ಯದ್ದಲ್ಲ, ಹಣದ್ದು. ಈ ಪುಸ್ತಕಗಳಲ್ಲಿ ಬಹಳಷ್ಟು ಅಮೆಜಾನಿನ ತಿಂಗಳ ಚಂದಾದ ಇ-ಪುಸ್ತಕ ಸೇವೆಯಾದ ಕಿಂಡಲ್ ಅನ್‌ಲಿಮಿಟೆಡ್‌ನಲ್ಲಿ ಓದಲ್ಪಡುತ್ತವೆ, ಅಲ್ಲಿ 2015ರ ಜುಲೈಯಿಂದ ಲೇಖಕರಿಗೆ ಹಣ ಸಿಗುವುದು ಓದುಗರು ಓದಿದ ಪುಟಗಳ ಲೆಕ್ಕದಲ್ಲಿ. ಪುಟಕ್ಕೆ ಹಣವೆಂದ ಮೇಲೆ ಒಂದು ಕತೆಯನ್ನು ಮುಗಿಸುವುದಕ್ಕಿಂತ ಒಂದು ಮನೆತನವನ್ನು ಬೆಳೆಸುವುದು ಲಾಭದ ಕೆಲಸ. ಮೊದಲ ಪುಸ್ತಕದ ಮದುವೆಯೂಟದಲ್ಲಿ ಮೂಲೆಯಲ್ಲಿ ನಿಂತ ತಮ್ಮನ ದವಡೆಯ ವರ್ಣನೆ ಎರಡು ಸಾಲು ಬಂತೆಂದರೆ ಮುಂದಿನ ಪುಸ್ತಕ ಅವನದೆಂದು ತಿಳಿಯಬೇಕು. ಕತೆಗಳ ಆ್ಯಪ್ ಆದ ಪ್ರತಿಲಿಪಿಯಲ್ಲಿ ನಮ್ಮವರೇ ಕನ್ನಡದಲ್ಲಿ ಬರೆಯುವ ಡಾನ್ ಕತೆಗಳಲ್ಲೂ ಈ ಎಳೆತವಿದೆ. ಕಂತಿನ ಕೊನೆಗೊಂದು ಬೆಚ್ಚಿಬೀಳಿಸುವ ಸಾಲು, ಮುಂದಿನ ಕಂತಿನಲ್ಲಿ ಅದಕ್ಕೊಂದು ಸಮಾಧಾನ. ಅವುಗಳಲ್ಲಿ ಕೆಲವನ್ನು ಓದಿದಾಗ ನನಗೆ ಸಿಟ್ಟು ಬಂದದ್ದು ಡಾನ್‌ನ ಮೇಲಲ್ಲ, ನಾಯಕಿಯ ಮೇಲೆ. ‘ಮಲೆನಾಡಿನ ಮುಗ್ಧೆ’ಯಾದ ಅವಳಿಗೆ ಬೆಂಗಳೂರಿಗೆ ಬಂದ ದಿನ ಲಿಫ್ಟ್ ಹತ್ತಲು ಬರುವುದಿಲ್ಲ. ಇಂಜಿನಿಯರಿಂಗ್ ಓದಿದ ಹುಡುಗಿಯರು ಪ್ರತಿ ಮನೆಯಲ್ಲೂ ಇರುವ ಈ ಸೀಮೆಯಿಂದ ಇಂಥ ಮುಗ್ಧೆಯರನ್ನು ಅವರು ಎಲ್ಲಿಂದ ಹುಡುಕಿ ತರುತ್ತಾರೋ ತಿಳಿಯದು.

ತೀರ್ಥಹಳ್ಳಿಯ ಇತಿಹಾಸದ ಮೇಷ್ಟ್ರು

ಮಗಳು ಓದುವ ಪುಸ್ತಕಗಳೆಂದು ಕುತೂಹಲದಿಂದ ನಾನೂ ಕೆಲವನ್ನು ಓದಿದೆ. ಮಾಫಿಯಾ ನಾಯಕನನ್ನು ಕಟ್ಟಿಹಾಕುವ ನಿಯಮವೇ ಇಲ್ಲವೆಂಬ ಪ್ರಶ್ನೆಯ ಮಾತನ್ನು ನಾನು ಒಪ್ಪುವುದಿಲ್ಲ. ನಿಯಮಗಳು ಚರಿತ್ರೆಯಲ್ಲಿ ಧಾರಾಳವಾಗಿ ಇವೆ, ಈ ಪ್ರಕಾರದವರು ಅವುಗಳ ಹತ್ತಿರ ಸುಳಿಯುವುದಿಲ್ಲ ಅಷ್ಟೇ.

ಇಟಲಿಯ ಸಿಸಿಲಿ ದ್ವೀಪದಲ್ಲಿ ಮಾಫಿಯಾ ಬೆಳೆದ ಬಗೆಯನ್ನು ಅಡಿಕೆ ಸೀಮೆಯವರಿಗೆ ವಿವರಿಸುವುದು ಸುಲಭ. 1812ರಲ್ಲಿ ಅಲ್ಲಿ ಊಳಿಗಮಾನ್ಯ ಪದ್ಧತಿ ರದ್ದಾಗಿ ಜಮೀನು ಕೈಬದಲಾಗತೊಡಗಿತು, ಸರ್ಕಾರದ ಕೈ ಮಾತ್ರ ಹಳ್ಳಿಗಳವರೆಗೆ ಚಾಚಲಿಲ್ಲ. ಅದೇ ಶತಮಾನದಲ್ಲಿ ನಿಂಬೆಗೆ ಹೊರದೇಶಗಳಿಂದ ಅಪಾರ ಬೇಡಿಕೆ ಬಂತು. ಹಡಗಿನ ನಾವಿಕರಿಗೆ ತಗಲುತ್ತಿದ್ದ ಸ್ಕರ್ವಿ ರೋಗಕ್ಕೆ ನಿಂಬೆ ಮದ್ದೆಂದು ಗೊತ್ತಾದದ್ದು ಅದಕ್ಕೊಂದು ಕಾರಣ. ಬೆಲೆಯೇರಿದ ಬೆಳೆಗೆ ಕಳ್ಳರ ಕಾಟ ಹೆಚ್ಚುತ್ತದೆಂಬುದನ್ನು ರಾತ್ರಿ ಅಡಿಕೆಗೊನೆ ಕಾಯ್ದವರಿಗೆ ಹೇಳಬೇಕಾಗಿಲ್ಲ. ತೋಟ ಕಾಯುತ್ತೇವೆಂದು ಬಂದವರು, ತಮಗೆ ಹಣ ಕೊಡದವನ ತೋಟ ಕಳುವಾಗುವಂತೆ ನೋಡಿಕೊಂಡರು. ಮಾಫಿಯಾ ಮಾರಿದ ಮೊದಲ ಸರಕು ರಕ್ಷಣೆ. ಈ ಕಾದಂಬರಿಗಳ ನಾಯಕನೂ ನಾಯಕಿಗೆ ಪುಟಪುಟಕ್ಕೆ ಹೇಳುವುದು ನಿನ್ನನ್ನು ರಕ್ಷಿಸುತ್ತೇನೆ ಎಂದೇ. ಯಾರಿಂದ ರಕ್ಷಿಸುತ್ತಾನೆ ಎಂದು ಅವಳು ಕೇಳಿದ್ದನ್ನು ನಾನು ಓದಲಿಲ್ಲ.

ಅಪಹರಿಸಿ ಮದುವೆಯಾಗುವುದು ಈ ಪ್ರಕಾರದ ಅಚ್ಚುಮೆಚ್ಚಿನ ಕಥಾಸೂತ್ರ. ಅದು ಇಟಲಿಯಲ್ಲಿ ಕಾನೂನಿನ ಪುಸ್ತಕದಲ್ಲೇ ಇತ್ತು. ಅತ್ಯಾಚಾರ ಮಾಡಿದವನು ಅದೇ ಹೆಣ್ಣನ್ನು ಮದುವೆಯಾದರೆ ಅಪರಾಧ ಅಳಿಸಿಹೋಗುತ್ತದೆಂದು ಅಲ್ಲಿನ ದಂಡಸಂಹಿತೆಯ 544ನೆಯ ವಿಧಿ ಹೇಳುತ್ತಿತ್ತು. 1965ರ ಡಿಸೆಂಬರ್ 26ರಂದು ಪಶ್ಚಿಮ ಸಿಸಿಲಿಯ ಆಲ್ಕಮೊ ಪಟ್ಟಣದಲ್ಲಿ ಫ್ರಾಂಕಾ ವಿಯೋಲಾ ಎಂಬ ಹದಿನೇಳರ ಹುಡುಗಿಯನ್ನು ಮಾಫಿಯಾ ನಂಟಿದ್ದ ಮನೆತನದ ಯುವಕ ಸಂಗಡಿಗರೊಂದಿಗೆ ಬಂದು ಹೊತ್ತೊಯ್ದ. ಮೊದಲು ಅವಳಿಗೆ ಗೊತ್ತಾಗಿದ್ದ ವರ ಅವನೇ. ಅವನ ನಡತೆ ತಿಳಿದು ತಂದೆ ಸಂಬಂಧ ಮುರಿದಿದ್ದರು. ಬಿಡುಗಡೆಯಾದ ಮೇಲೆ ಊರೆಲ್ಲ ನಿರೀಕ್ಷಿಸಿದ ಮದುವೆಗೆ ಅವಳು ಒಪ್ಪಲಿಲ್ಲ, ತಂದೆ ಅವಳ ಬೆನ್ನಿಗೆ ನಿಂತರು. ಮನೆಯವರ ದ್ರಾಕ್ಷಿ ತೋಟಕ್ಕೆ ಬೆಂಕಿ ಬಿತ್ತು. ಆದರೂ ಮೊಕದ್ದಮೆ ನಡೆದು 1966ರಲ್ಲಿ ಅವನಿಗೆ ಹನ್ನೊಂದು ವರ್ಷಗಳ ಸೆರೆವಾಸವಾಯಿತು. ಆ ವಿಧಿ ರದ್ದಾಗಲು 1981 ಬರಬೇಕಾಯಿತು. ಕಾದಂಬರಿಯಲ್ಲಾದರೆ ಅಪಹರಿಸಿದವನೇ ನಾಯಕ, ಒಲ್ಲೆನೆಂದವಳು ಇಪ್ಪತ್ತನೆಯ ಅಧ್ಯಾಯದಲ್ಲಿ ಕರಗುತ್ತಾಳೆ.

ಇನ್ನೊಬ್ಬಳು ರೀಟಾ ಆತ್ರಿಯಾ. ಪಾರ್ತಾನ್ನಾ ಎಂಬ ಊರಿನ ಮಾಫಿಯಾ ಮನೆತನದ ಮಗಳು. ತಂದೆಯೂ ಅಣ್ಣನೂ ಕೊಲೆಯಾದ ಮೇಲೆ ಹದಿನೇಳನೆಯ ವಯಸ್ಸಿನಲ್ಲಿ ನ್ಯಾಯಾಧಿಕಾರಿ ಪಾವೊಲೊ ಬೊರ್ಸೆಲಿನೊ ಅವರ ಮುಂದೆ ತಾನು ಬಲ್ಲದ್ದನ್ನೆಲ್ಲ ಹೇಳಿದಳು. 1992ರ ಜುಲೈ 19ರಂದು ಬೊರ್ಸೆಲಿನೊ ಬಾಂಬಿಗೆ ಬಲಿಯಾದರು. ಅದಾದ ಒಂದು ವಾರಕ್ಕೆ ಅವಳೂ ಬದುಕಿ ಉಳಿಯಲಿಲ್ಲ. ಮಾಫಿಯಾ ಮನೆಯ ಹೆಣ್ಣಿನ ಮುಂದೆ ನಿಜವಾಗಿ ಇದ್ದ ನಿಯಮ ಇದು: ಬಾಯಿ ಮುಚ್ಚಿಕೊಂಡು ಬಾಳಬೇಕು, ಇಲ್ಲವೇ ಬಾಯಿಬಿಟ್ಟು ಎಲ್ಲವನ್ನೂ ಕಳೆದುಕೊಳ್ಳಬೇಕು. ಹತ್ತು ಪುಸ್ತಕಗಳಿಗೆ ಸಾಕಾಗುವ ಸಂಘರ್ಷ ಇದರಲ್ಲಿದೆ. ಆದರೆ ಬಾಯಿಬಿಟ್ಟ ನಾಯಕಿ ನಾಯಕನ ಜೊತೆ ಉಳಿಯುವಂತಿಲ್ಲ, ಉಳಿಯದಿದ್ದರೆ ಸುಖಾಂತ್ಯವಿಲ್ಲ. ಎರಡನೆಯ ಪುಸ್ತಕ ಸೊರಗುವುದು ಅಲ್ಲಿಯೇ ಎಂದು ನನ್ನ ಎಣಿಕೆ. ಮೊದಲ ಪುಸ್ತಕದಲ್ಲಿ ಮುಚ್ಚಿಟ್ಟದ್ದನ್ನು ಮುಂದಿನದರಲ್ಲಿ ತೆರೆಯಲೇಬೇಕಾಗುತ್ತದೆ, ತೆರೆದರೆ ಪ್ರಕಾರವೇ ಮುರಿಯುತ್ತದೆ.

ಓದಬೇಡಿರೆಂದು ನಾನು ಮಗಳಿಗೂ ಹೇಳಿಲ್ಲ, ನಿಮಗೂ ಹೇಳುವುದಿಲ್ಲ.

ಸೀಳುನಾಯಿ, ಶಿವಮೊಗ್ಗ

ಪ್ಯಾರಾನಾರ್ಮಲ್ ಸರಣಿಗಳಿಗೆ ಇಷ್ಟು ಸುಲಭವಾಗಿ ಅಂಕ ಕೊಡಬಾರದು. ತೋಳಮಾನವರ ಕತೆಗಳೆಲ್ಲ ನಿಂತಿರುವುದು ‘ಆಲ್ಫಾ’ ಎಂಬ ಒಂದು ಕಲ್ಪನೆಯ ಮೇಲೆ: ಕಾದಾಡಿ ಗೆದ್ದ ಗಂಡು ಗುಂಪನ್ನು ಆಳುತ್ತದೆ, ಉಳಿದವು ತಲೆತಗ್ಗಿಸುತ್ತವೆ. ಇದಕ್ಕೆ ಮೂಲ ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನ, ಮತ್ತು ಅದು ನಡೆದದ್ದು ಮೃಗಾಲಯದಲ್ಲಿ ಒಟ್ಟಿಗೆ ಕೂಡಿಹಾಕಿದ ತೋಳಗಳ ಮೇಲೆ. ಡೇವಿಡ್ ಮೀಚ್ ಎಂಬ ತೋಳತಜ್ಞರು 1970ರ ತಮ್ಮ ಪುಸ್ತಕದಲ್ಲಿ ಆ ಮಾತನ್ನು ಜನಪ್ರಿಯಗೊಳಿಸಿದರು. ಅದೇ ಮೀಚ್ 1999ರಲ್ಲಿ, ಕಾಡಿನ ತೋಳಗಳ ಗುಂಪೆಂದರೆ ಸಾಮಾನ್ಯವಾಗಿ ತಂದೆ, ತಾಯಿ ಮತ್ತು ಅವರ ಮರಿಗಳ ಸಂಸಾರವೆಂದು ವಿವರಿಸಿ, ಆಲ್ಫಾ ಎಂಬ ಹೆಸರು ಅಲ್ಲಿಗೆ ಹೊಂದುವುದಿಲ್ಲವೆಂದು ಬರೆದರು. ಪ್ರೇಮಕಾದಂಬರಿಗಳು ಇಂದಿಗೂ ಮೃಗಾಲಯವನ್ನು ಬಿಟ್ಟು ಹೊರಬಂದಿಲ್ಲ.

ನೀವು ಹೊಗಳಿದ ನಿಯಮಗಳಲ್ಲಿ ಬಹಳ ಪ್ರಸಿದ್ಧವಾದದ್ದು ವಿಧಿ ಗೊತ್ತುಮಾಡಿದ ಜೋಡಿ, ಅಂದರೆ ‘ಫೇಟೆಡ್ ಮೇಟ್ಸ್’. ವಾಸನೆ ಹಿಡಿದ ಮಾತ್ರಕ್ಕೆ ಇವಳೇ ನನ್ನವಳು ಎಂದು ಗಂಡಿಗೆ ತಿಳಿದುಬಿಡುತ್ತದೆ. ಈ ನಿಯಮ ಕಟ್ಟಿಹಾಕುವುದು ಯಾರನ್ನು? ಅವನಿಗೆ ಹೆಂಡತಿ ಸಿಕ್ಕಳು. ಅವಳಿಗೆ ಒಲ್ಲೆನೆಂಬ ಹಕ್ಕು ತಪ್ಪಿತು. ಮಾಫಿಯಾ ಕತೆಯಲ್ಲಿ ಅಪ್ಪ ಮಾಡುವ ಕೆಲಸವನ್ನು ಇಲ್ಲಿ ತೋಳಮಾನವರ ವಿಧಿಯನ್ನು ಆಳುವ ಚಂದ್ರ ಮಾಡುತ್ತಾನೆ.

ಇಷ್ಟಕ್ಕೂ ಮಲೆನಾಡಿನ ದಟ್ಟ ಕಾಡು ತೋಳದ ನೆಲೆಯಲ್ಲ, ತೋಳ ಬಯಲುಸೀಮೆಯ ಪ್ರಾಣಿ. ಭದ್ರಾ ಕಾಡಿನಲ್ಲಿ ಗುಂಪಾಗಿ ಬೇಟೆಯಾಡುವುದು ಸೀಳುನಾಯಿ. ಅವುಗಳಲ್ಲಿ ಬೇಟೆ ಬಿದ್ದಾಗ ಮರಿಗಳಿಗೆ ಮೊದಲು ತಿನ್ನಲು ಬಿಟ್ಟು ದೊಡ್ಡವು ಕಾಯುತ್ತವೆ. ಮರಿಗಳು ಯಾರದ್ದೇ ಆಗಿರಲಿ, ಗುಂಪೆಲ್ಲ ಸೇರಿ ಸಾಕುತ್ತದೆ. ಹಸಿದಿದ್ದೂ ಸರದಿಗೆ ಕಾಯುವ ನಾಯಕನನ್ನು ಇಟ್ಟುಕೊಂಡು ಯಾರಾದರೂ ಕನ್ನಡದಲ್ಲಿ ಒಂದು ಸರಣಿ ಬರೆದರೆ ಮೊದಲ ಪ್ರತಿ ನಾನು ಕೊಳ್ಳುತ್ತೇನೆ.

ಕೊಪ್ಪದಿಂದ ಹಳೆಗನ್ನಡದ ವಿದ್ಯಾರ್ಥಿನಿ

ಈ ಚರ್ಚೆಯಲ್ಲಿ ಜನ್ನನ ಹೆಸರು ಬಾರದಿರುವುದು ಆಶ್ಚರ್ಯ. ಹದಿಮೂರನೆಯ ಶತಮಾನದ ಆರಂಭದ ‘ಯಶೋಧರ ಚರಿತೆ’ಯಲ್ಲಿ ಅರಸನ ಪಕ್ಕದಲ್ಲಿ ಮಲಗಿದ್ದ ಅಮೃತಮತಿ, ಇರುಳಿನಲ್ಲಿ ಮಾವುತನೊಬ್ಬನ ಹಾಡು ಕೇಳಿ ಮನಸೋಲುತ್ತಾಳೆ. ಅವನ ಹೆಸರೇ ಅಷ್ಟಾವಂಕ; ನೋಡಲು ವಿಕಾರ, ನಡತೆಯಲ್ಲಿ ಕ್ರೂರಿ. ಒಂದು ರಾತ್ರಿ ತಡವಾಗಿ ಬಂದಳೆಂದು ಅವಳ ಮುಡಿ ಹಿಡಿದೆಳೆದು ಹೊಡೆಯುತ್ತಾನೆ, ಅವಳು ಅವನ ಕಾಲಿಗೆ ಬೀಳುತ್ತಾಳೆ. ಮರೆಯಲ್ಲಿ ನಿಂತ ಅರಸ ಕತ್ತಿಯೆತ್ತಿ, ತನ್ನನ್ನು ತಾನೇ ತಡೆದುಕೊಳ್ಳುತ್ತಾನೆ. ಈಗಿನ ಡಾರ್ಕ್ ರೊಮಾನ್ಸ್‌ಗೆ ಕತ್ತಲೆ ಸಾಲದು ಎಂದು ನಾನು ಹೇಳುವುದು ಇದಕ್ಕಾಗಿಯೇ. ಮೊದಲ ಪುಟದಲ್ಲಿ ಎಚ್ಚರಿಕೆಗಳ ಉದ್ದದ ಪಟ್ಟಿ ಕೊಟ್ಟು ಹೆದರಿಸುವ ಲೇಖಕಿಯರು, ನಾಯಕನಿಗೆ ಮಾತ್ರ ಆರೂವರೆ ಅಡಿ ಎತ್ತರ, ಹಚ್ಚೆ ಹಾಕಿದ ತೋಳು, ದುಬಾರಿ ಸೂಟು, ಬಾಲ್ಯದಲ್ಲೊಂದು ದುಃಖ ಇವಿಷ್ಟನ್ನು ಕೊಡದೆ ಬಿಡುವುದಿಲ್ಲ. ಜನ್ನ ಮಾವುತನಿಗೆ ಸಿರಿಕಂಠವೊಂದನ್ನು ಬಿಟ್ಟು ಏನನ್ನೂ ಕೊಡಲಿಲ್ಲ. ಕೊನೆಯಲ್ಲಿ ಎಲ್ಲವನ್ನೂ ಕರ್ಮದ ಲೆಕ್ಕಕ್ಕೆ ಹಚ್ಚಿದನೆಂಬುದು ನಿಜ, ಆದರೆ ಆ ರಾತ್ರಿಯ ಸೆಳೆತವನ್ನು ಸುಳ್ಳು ಮಾಡಲಿಲ್ಲ.

ಪ್ಯಾರಾನಾರ್ಮಲ್ ಬೇಕೆಂದರೆ ಗಿರೀಶ ಕಾರ್ನಾಡರ ‘ನಾಗಮಂಡಲ’ ಇದೆ. ಹಗಲು ಬೀಗ ಜಡಿದು ಹೋಗುವ ಗಂಡ, ಇರುಳು ಅವನದೇ ರೂಪದಲ್ಲಿ ಬರುವ ನಾಗ. ಸೀಳುನಾಯಿಯವರ ಪ್ರಶ್ನೆ ಅಲ್ಲಿಗೂ ಸಲ್ಲುತ್ತದೆ: ಬಂದವನು ಯಾರೆಂದು ನಾಯಕಿ ರಾಣಿಗೆ ತಿಳಿದಿರಲಿಲ್ಲವಲ್ಲ.

ಹೊಸನಗರದ ಓದುಗಿ

ಎಲ್ಲರಿಗೂ ಧನ್ಯವಾದಗಳು. ವಿಧಿಯ ಜೋಡಿಯ ವಿಚಾರದಲ್ಲಿ ಒಂದು ಮಾತು ಸೇರಿಸಬೇಕು. ಆ ಸೂತ್ರವನ್ನೇ ತಿರುವಿಹಾಕಿ, ಗೊತ್ತಾದ ಜೋಡಿಯನ್ನು ಒಲ್ಲೆನೆಂದು ಹೊರಟುಹೋಗುವವರ ಕತೆಗಳ ಒಂದು ಕವಲೇ ಈಗ ಬೆಳೆದಿದೆ. ನಾನು ಏಳೆಂಟು ಪುಸ್ತಕ ಓದಿಕೊಂಡು ಹೋದ ಸರಣಿಗಳನ್ನು ನೆನಪಿಸಿಕೊಂಡರೆ, ಅವುಗಳಲ್ಲಿ ನಾಯಕಿ ಬಾಗಿಲು ತೆರೆದು ಹೋಗುವ ಸಾಧ್ಯತೆ ಕೊನೆಯವರೆಗೂ ಉಳಿದಿತ್ತು. ಹೋದರೆ ಅವನು ಸಾಯಬಹುದು, ಹುಚ್ಚನಾಗಬಹುದು, ಗುಂಪು ಚದುರಬಹುದು, ಆದರೂ ಹೋಗಬಹುದು. ಮಾಫಿಯಾ ಸರಣಿಗಳಲ್ಲಿ ಹೋದವಳನ್ನು ಹುಡುಕಿ ತರುವುದನ್ನು ಪ್ರೀತಿಯೆಂದು ಎಣಿಸಲಾಗುತ್ತದೆ. ಸಾಗರದವರು ಹೇಳಿದ ಮನೆಯ ವಿವರಗಳು ನನಗೂ ಇಷ್ಟವೇ, ಆದರೆ ಸಿಡುಕಿನ ಗಂಡನ ಆ ಹಳೆಯ ಕಾದಂಬರಿಗಳಲ್ಲಿ ಹೆಂಡತಿ ಒಮ್ಮೆಯಾದರೂ ಬಸ್ಸು ಹತ್ತಿ ತವರಿಗೆ ಹೋಗುತ್ತಿದ್ದಳು.

ತೀರ್ಥಹಳ್ಳಿಯ ಮೇಷ್ಟ್ರು ಹೇಳಿದಂಥ ಸಂಘರ್ಷವನ್ನು, ಅಂದರೆ ಮನೆಯ ಗುಟ್ಟನ್ನು ನ್ಯಾಯಾಲಯದಲ್ಲಿ ಬಿಚ್ಚಿಡಲು ಹೊರಟ ಮಗಳನ್ನೋ ಹೆಂಡತಿಯನ್ನೋ ನಡುವಿಟ್ಟುಕೊಂಡ ಸರಣಿ ಯಾವುದಾದರೂ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಸುಖಾಂತ್ಯವಿಲ್ಲದಿದ್ದರೂ ಅಡ್ಡಿಯಿಲ್ಲ.

ಸಾಗರದ ತೋಟದಮನೆ

ಸುಖಾಂತ್ಯವಿಲ್ಲದಿದ್ದರೆ ಅದು ರೊಮಾನ್ಸ್ ಆಗುವುದಿಲ್ಲ, ನಾನಂತೂ ಓದುವುದಿಲ್ಲ. ಆದರೆ ನಾಯಕಿ ಗಂಡನನ್ನು ಪಕ್ಕಕ್ಕೆ ಸರಿಸಿ ತಾನೇ ವ್ಯವಹಾರ ನಡೆಸುವ ಸರಣಿ ಸಿಕ್ಕರೆ ಇಲ್ಲಿ ಬರೆಯಿರಿ, ಲೆಕ್ಕದ ಪುಸ್ತಕ ಅವಳ ಕೈಗೆ ಬಂದ ಮೇಲಾದರೂ ಬಂದರಿನ ಆ ಸರಕು ಏನೆಂದು ನಮಗೆಲ್ಲ ತಿಳಿಯಬಹುದು.